ಇಲ್ಲದವನ ಪಾದದ ಅಳತೆ

ಮನೀಷಾ ನನ್ನ ಮನೆಗೆ ಬರುತ್ತಿದ್ದುದು ಪದಗಳಿಗಾಗಿ. ಅಂಕಲಿಯ ಕನ್ನಡ ಶಾಲೆಯಲ್ಲಿ ಓದಿ, ಚಿಕ್ಕೋಡಿಯ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ ಹುಡುಗಿ. ಅಲ್ಲಿಯ ಸರ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಾರೆ. ಇವಳಿಗೆ ಲೆಕ್ಕ ತಿಳಿಯುತ್ತದೆ, ಆದರೆ ಲೆಕ್ಕ ಯಾವುದರ ಬಗ್ಗೆ ಎಂಬುದು ತಿಳಿಯುವುದಿಲ್ಲ. ನಾನು ನಿವೃತ್ತಳಾಗುವವರೆಗೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಸಂಜೆಯ ಬಸ್ಸಿಳಿದು ಬಂದವಳೇ ನನ್ನ ಪಡಸಾಲೆಯಲ್ಲಿ ಕೂರುತ್ತಾಳೆ. ನಡುವೆ ಒಂದು ತಟ್ಟೆ ಚುರುಮರಿ ಇಟ್ಟುಕೊಂಡು ನಾವಿಬ್ಬರೂ ಪದಕ್ಕೆ ಪದ ಜೋಡಿಸುತ್ತೇವೆ. ದೂರ, ಸ್ಥಾನಪಲ್ಲಟ, ಜವ, ವೇಗ, ವೇಗೋತ್ಕರ್ಷ. ಹೋಗುವಾಗ ಅವಳು ನನ್ನ ಚಪ್ಪಲಿಯನ್ನೂ ಹೊರಮುಖವಾಗಿ ತಿರುಗಿಸಿಟ್ಟು ಹೋಗುತ್ತಾಳೆ. ನನ್ನ ಮೊಣಕಾಲಿನ ನೋವಿನ ಬಗ್ಗೆ ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

ಆ ದಿನ ಅವಳು ಚುರುಮರಿ ಮುಟ್ಟಲಿಲ್ಲ.

"ಅಕ್ಕಾರ, ಒಂದ ಕೇಳಲಿ? ಮನಶ್ಯಾ ಮನಿಯಿಂದ ಹೊಳಿಗೆ ಹೋದ. ಅಲ್ಲಿಂದ ಎಲ್ಲೆಲ್ಲೋ ಹೋದ. ಆಮ್ಯಾಲ ತಿರುಗಿ ತನ್ನ ಅಂಗಳಕ್ಕ ಬಂದ. ಅವನ ಸ್ಥಾನಪಲ್ಲಟ ಸೊನ್ನೆ ಹೌದಲ್ರಿ?"

"ಹೌದು. ಎಷ್ಟ ದೂರ ತಿರುಗಿದ್ರೂ ಹೊಂಟ ಜಾಗಕ್ಕ ಬಂದ್ರ ಸೊನ್ನೆ."

"ಅಂಗಳಕ್ಕ ಬಂದ. ಹೊಸ್ತಿಲ ಮಾತ್ರ ದಾಟಲಿಲ್ಲ ಅಂದ್ರ?"

"ಯಾರ ಸುದ್ದಿ ಹೇಳಾಕತ್ತಿ ಮನೀಷಾ?"

"ನಮ್ಮ ಅಪ್ಪನ ಸುದ್ದಿ," ಎಂದಳು. ಹಾಗೆ ಹೇಳಿ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಕುಳಿತಳು.

ಅವಳ ಅಪ್ಪ ಮುರಗೆಪ್ಪ ಹೋದ ಮಳೆಗಾಲದಲ್ಲಿ ಕೃಷ್ಣೆಯ ಪಾಲಾದವನು. ಹೊಳೆ ಏರತೊಡಗಿದರೆ ನಮ್ಮ ರೈತರಿಗೆ ಮೊದಲು ನೆನಪಾಗುವುದು ದಂಡೆಯ ಮೇಲಿನ ಪಂಪಿನ ಮೋಟರು. ಅದನ್ನು ಬಿಚ್ಚಿ ಮೇಲೆ ಎಳೆದು ತರಬೇಕು. ಮುರಗೆಪ್ಪ ಹಗ್ಗ ಕಟ್ಟಲು ಇಳಿದವನು ಮತ್ತೆ ಹತ್ತಲಿಲ್ಲ. ಮೋಟರು ಸಿಕ್ಕಿತು. ಅವನನ್ನು ಕುಡಚಿಯ ಸೇತುವೆಯವರೆಗೂ ಹುಡುಕಿದರು, ಸಿಗಲಿಲ್ಲ.

ನೀರಿಳಿದ ಮೇಲೆ ಹಿರಿಯರು ಕೂತು, ಅವನ ಧೋತರ, ಅಂಗಿ, ರುಮಾಲನ್ನು ಅವರದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡುವುದೆಂದು ನಿಶ್ಚಯಿಸಿದರು. ಅಲ್ಲಿ ಒಂದು ತೊಡಕು ಬಂತು. ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಆ ಕುಣಿಯ ಉದ್ದ, ಅಗಲ, ಆಳ ಎಲ್ಲವನ್ನೂ ಸತ್ತವರದೇ ಪಾದದಿಂದ ಅಳೆಯುತ್ತಾರೆ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಒಂದು ಕಡ್ಡಿ ಹಿಡಿದು ಮುರಿದರೆ ಅದೇ ಮಾಪು. ಕಬ್ಬಿಣದ ಟೇಪು ಎಲ್ಲರ ಮನೆಯಲ್ಲೂ ಇದೆ, ಆದರೆ ಕುಣಿಯ ಹತ್ತಿರ ಅದನ್ನು ಯಾರೂ ತರುವುದಿಲ್ಲ. ಕುಣಿ ತೋಡುವ ಕಾಮಣ್ಣ ಗುದ್ದಲಿ ಹಿಡಿದು ನಿಂತು, "ಮಾಪ ಕೊಡ್ರಿ," ಎಂದನಂತೆ. ಯಾರ ಬಳಿಯೂ ಇರಲಿಲ್ಲ. ಆಗ ಮುರಗೆಪ್ಪನ ಅಣ್ಣ ವಿರುಪಾಕ್ಷಪ್ಪ ತನ್ನ ಪಾದ ಮುಂದೆ ಚಾಚಿದರು. "ನಮ್ಮಿಬ್ರದೂ ಒಂದ ಪಾದ. ಒಂದ ಜೋಡ ಚಪ್ಪಲಿ ಇಬ್ರೂ ಮೆಟ್ಟಿ ಬೆಳದೇವಿ. ಹಿಡಿ ಕಡ್ಡಿ."

ಕುಣಿಯ ಹತ್ತಿರ ಹೆಂಗಸರು ಇರಲಿಲ್ಲ. ಇದ್ದಿದ್ದರೆ ಯಾರಾದರೂ ತಡೆಯುತ್ತಿದ್ದರೇನೋ. ಬದುಕಿರುವವನ ಪಾದದಿಂದ ಅಳೆದ ಕುಣಿಯಲ್ಲಿ ಸತ್ತವನ ಬಟ್ಟೆ ಇಟ್ಟು ಮುಚ್ಚಿದರು.

"ಆವತ್ತಿನಿಂದ ದಿನಾ ಸಂಜಿಕೆ ಹೆಜ್ಜಿ ಸಪ್ಪಳ ಕೇಳತೈತ್ರಿ," ಎಂದಳು ಮನೀಷಾ. "ದನದ ಕೊಟಗಿಯಿಂದ ಹೊಸ್ತಿಲ ತನಕ ಬಂದ ನಿಂದರತೈತಿ. ಅವ್ವ ಕಾಲ ತೊಳಕೊಳ್ಳಾಕ ತಂಬಿಗಿ ನೀರ ಇಡತಾಳ. ದೊಡ್ಡಪ್ಪ ಅಂತೂ ಊಟ ಬಿಟ್ಟಾನ. ಅದು ನನ್ನ ಕುಣಿ, ನಾ ಹೋಗೂ ತನಕ ತಮ್ಮಗ ಜಾಗಾ ಇಲ್ಲ ಅಂತಾನ."

ಮರುದಿನ ಹೊತ್ತು ಇಳಿಯುವ ಮೊದಲು ನಾನು ಅವರ ಮನೆಗೆ ಹೋದೆ. ಅಣ್ಣ ತಮ್ಮಂದಿರ ಎರಡು ಮನೆಗಳಿಗೂ ಒಂದೇ ಅಂಗಳ, ಫರಸಿ ಕಲ್ಲು ಹಾಸಿದ್ದು; ಒಂದು ಬದಿಗೆ ದನದ ಕೊಟ್ಟಿಗೆ. ಹೆಂಡತಿ ತೀರಿದ ಮೇಲೆ ವಿರುಪಾಕ್ಷಪ್ಪನವರಿಗೆ ಊಟ ತಮ್ಮನ ಮನೆಯಿಂದಲೇ. ಆದರೂ ತಮ್ಮ ಇಲ್ಲದ ಹೊತ್ತಿನಲ್ಲಿ ತಮ್ಮನ ಹೊಸ್ತಿಲು ದಾಟಿದವರಲ್ಲ. ತಟ್ಟೆಯನ್ನು ಮನೀಷಾ ತಂದುಕೊಡುತ್ತಾಳೆ. ಈಗ ಅವರು ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗದ ಹೊರಸಿನ ಮೇಲೆ ಕುಳಿತಿದ್ದರು. ಕೆನ್ನೆ ಕರಗಿ ಮುಖ ಉದ್ದವಾಗಿತ್ತು. ಬಿಸಿಲಿದ್ದರೂ ಕಾಲಿಗೆ ಕಂಬಳಿ ಸುತ್ತಿಕೊಂಡಿದ್ದರು.

"ಬರ್ರಿ ಅಕ್ಕಾರ. ಕೂಡ್ರಿ. ಚಹಾ ತರಸ್ತೇನಿ."

"ಚಹಾ ಆಮ್ಯಾಲ. ದವಾಖಾನಿಗೆ ಹೋಗಿದ್ರಂತಲ್ಲ, ಏನಂದ್ರು?"

"ಏನೂ ಇಲ್ಲ ಅಂದ್ರು. ರಕ್ತ ಚಲೋ ಐತಿ, ಸಕ್ಕರಿ ಇಲ್ಲ. ಡಾಕ್ಟರ ಪಾಪ ಭಾಳ ಹುಡುಕಿದ್ರು, ನನಗ ಕೆಡಕ ಅನಿಸಿತು ಅವರ ಸಲುವಾಗಿ." ಸ್ವಲ್ಪ ನಕ್ಕರು. ಆಮೇಲೆ ಕಂಬಳಿಯ ಕಡೆ ನೋಡಿದರು. "ಅಂಗಾಲಿನಿಂದ ಥಂಡಿ ಏರತೈತ್ರಿ. ಮೊದಲ ಹಿಮ್ಮಡಿ ತನಕ ಇತ್ತು. ಈಗ ಮೊಣಕಾಲಿಗೆ ಬಂದೈತಿ. ನನ್ನ ಅಳತಿ ಮಣ್ಣಿಗೆ ಗೊತ್ತಾಗೇತಿ ಅಕ್ಕಾರ. ಗೊತ್ತಾದ ಮ್ಯಾಲ ಅದು ಬಿಡತೈತೇನು?"

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತು.

ನಮ್ಮ ಪಕ್ಕದಿಂದಲೇ, ನಾವು ಕುಳಿತಲ್ಲಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದ, ಬರಿಗಾಲಿನ ಹೆಜ್ಜೆಯೊಂದು ಫರಸಿಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಹೊಲದ ಕೆಲಸ ಮುಗಿಸಿದವನ ನಡಿಗೆ, ಅವಸರವಿಲ್ಲದ್ದು. ಒಂದೊಂದು ಹೆಜ್ಜೆಯ ನಡುವೆಯೂ ಒಂದೇ ಅಂತರ, ಒಂದೇ ಸಮಯ. ಏಕರೂಪ ಚಲನೆ ಎಂದು ನಾನು ವರ್ಷ ವರ್ಷವೂ ಹಲಗೆಯ ಮೇಲೆ ಬರೆದದ್ದು ಇದನ್ನೇ. ಅಂಗಳ ಖಾಲಿ ಇತ್ತು. ಹೊಸ್ತಿಲ ಮುಂದೆ ಅದು ನಿಂತಿತು. ನಿಧಾನವಾಗಿ ನಿಲ್ಲಲಿಲ್ಲ, ಒಮ್ಮೆಲೇ ನಿಂತಿತು.

ವಿರುಪಾಕ್ಷಪ್ಪ ಎರಡೂ ಕಾಲುಗಳನ್ನು ಹೊರಸಿನ ಮೇಲೆ ಎಳೆದುಕೊಂಡರು. ಒಳಗಿನಿಂದ ಮನೀಷಾಳ ತಾಯಿ ಕಸ್ತೂರೆವ್ವ ಬಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, ನೀರು ತುಂಬಿದ ತಂಬಿಗೆಯನ್ನು ಹೊಸ್ತಿಲ ಹೊರಗೆ ಇಟ್ಟಳು. ಕೆಳಗೆ ನೋಡುತ್ತ ತುಸು ಹೊತ್ತು ನಿಂತು ಒಳಗೆ ಹೋದಳು.

ನಾನು ವಿಜ್ಞಾನ ಕಲಿಸಿದವಳು. ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದು ಬರೆದರೆ ಅದು ವಿಜ್ಞಾನವಾಗುವುದಿಲ್ಲ. ನನಗೆ ಕೇಳಿಸಿತು.

ರವಿವಾರ ತಾಯಿ ಮಗಳಿಬ್ಬರೂ ನನ್ನ ಮನೆಗೆ ಬಂದರು. ಮನೀಷಾ ಕುಂಟುತ್ತಿದ್ದಳು, ಕಡಿದ ಕಬ್ಬಿನ ಕೂಳೆ ತುಳಿದು ಅಂಗಾಲಿಗೆ ಸಿಬಿರು ಹೊಕ್ಕಿತ್ತು. ಕಸ್ತೂರೆವ್ವ ಸೂಜಿ ಕೇಳಿದಳು, ನಾನು ಕೊಟ್ಟೆ. ಪಡಸಾಲೆಯ ಬೆಳಕಿಗೆ ಕುಳಿತು ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಆದರೆ ಬಂದದ್ದು ಅದಕ್ಕಲ್ಲ.

"ಅಕ್ಕಾರ, ನೀವು ಅಳತಿ ಕಲಿಸಿದವರು. ಇಲ್ಲದ ಮನಶ್ಯಾನ ಪಾದ ಅಳಿಯೂದು ಹ್ಯಾಂಗ್ರಿ? ಅದೊಂದ ಸಿಕ್ಕರ ಹೊಸಾ ಕುಣಿ ತೋಡಸಬಹುದು ಅಂತ ಮಠದ ಅಯ್ಯಾರು ಹೇಳ್ಯಾರ. ಸಿಗಲಿಲ್ಲಂದ್ರ ಬಾವಾರು ಉಳಿಯೂದಿಲ್ಲ. ನಿನ್ನಿ ಬರೇ ನೀರ ಕುಡದಾರ."

"ಹಳೇ ಚಪ್ಪಲಿ ಇಲ್ಲೇನು?"

"ಮೆಟ್ಟಿದ್ದು ಹೊಳಿ ಪಾಲಾತು. ಇದ್ರೂ ಉಪಯೋಗಿಲ್ರಿ. ಅಥಣಿ ಚಪ್ಪಲಿ, ಯಾವಾಗಲೂ ಒಂದ ನಂಬರ ದೊಡ್ಡದ ತರತಿದ್ರು."

"ಅವ್ವ, ಎತ್ತರ ಗೊತ್ತಿದ್ರ ಪಾದ ಲೆಕ್ಕ ಮಾಡಬಹುದು ಅಂತ ಮೊಬೈಲಿನ್ಯಾಗ ಐತಿ," ಎಂದಳು ಮನೀಷಾ.

"ಮೊಬೈಲಿನ್ಯಾಗ ನಿಮ್ಮಪ್ಪನ ಪಾದ ಐತೇನ ಬೇ?"

"ಅಪ್ಪಂದಲ್ಲ. ಎಲ್ಲಾರದೂ ಕೂಡಿ ಸರಾಸರಿ."

"ಎಲ್ಲಾರದೂ ಬ್ಯಾಡ. ಅವರೊಬ್ರದ್ದ ಬೇಕ ನನಗ. ಅಲಗ್ಯಾಡಬ್ಯಾಡ, ಸೂಜಿ ಚುಚ್ಚತೈತಿ."

ನಾನು ಅವಳ ಕೈಗಳನ್ನು ನೋಡುತ್ತಿದ್ದೆ. ಎಡಗೈ ಬಟ್ಟಲಿನಂತೆ ಹಿಮ್ಮಡಿಯನ್ನು ಹಿಡಿದಿತ್ತು. ಬಲಗೈ ಬೆರಳು ಸಿಬಿರು ಹುಡುಕುತ್ತ ಅಂಗಾಲಿನ ಮೇಲೆ ಸರಿದು ಹೋಯಿತು. ಮನೀಷಾಳ ಹೆಬ್ಬೆರಳು ಮುಗಿಯಿತು. ಕಸ್ತೂರೆವ್ವನ ಬೆರಳು ಅಲ್ಲಿಗೆ ನಿಲ್ಲಲಿಲ್ಲ. ಅದು ಇನ್ನೂ ಸ್ವಲ್ಪ ಮುಂದೆ ಹೋಗಿ, ಏನೂ ಇಲ್ಲದ ಗಾಳಿಯಲ್ಲಿ, ಏನೋ ತಾಗಿದ ಹಾಗೆ ನಿಂತಿತು.

ಅವಳಿಗೆ ಅದು ಗೊತ್ತೇ ಆಗಲಿಲ್ಲ. ಮತ್ತೆ ಹಿಂದೆ ಸರಿದು ಸಿಬಿರು ಹುಡುಕತೊಡಗಿದಳು.

"ಕಸ್ತೂರೆವ್ವ, ಮುರಗೆಪ್ಪಗ ಸಿಬಿರ ಚುಚ್ಚಿದ್ರ ಯಾರ ತಗೀತಿದ್ರು?"

"ಮತ್ಯಾರ್ರಿ? ಕಬ್ಬ ಕಡಿಯೂ ದಿವಸ ಬಂತಂದ್ರ ದಿನಾ ಸಂಜಿಕೆ ಇದ ಕೆಲಸ. ಚಪ್ಪಲಿ ಮೆಟ್ಟಕೊಂಡ ಹೋಗ್ರಿ ಅಂದ್ರ ಕೇಳತಿರಲಿಲ್ಲ. ತೊಡಿ ಮ್ಯಾಲ ಪಾದ ಇಟ್ಟ ಅಲ್ಲೇ ಮಲಕೊಂಡ ಬಿಡತಿದ್ರು. ಸಿಬಿರ ತಗದ್ರೂ ಎಚ್ಚರ ಆಗತಿರಲಿಲ್ಲ, ಮತ್ತ ನಾನೂ..." ಎಂದು ಮಾತು ನಿಲ್ಲಿಸಿದಳು. ನಾನು ಏಕೆ ಕೇಳಿದೆ ಎಂಬುದು ಆಗ ಅವಳಿಗೆ ಹೊಳೆಯಿತು.

ಸಿಬಿರು ಬಂದ ಮೇಲೆ ಅವಳನ್ನು ಗೋಡೆಗೆ ಒರಗಿ ಕೂರಿಸಿದೆ. ಕಣ್ಣು ಮುಚ್ಚಲು ಹೇಳಿದೆ. ತೊಡೆಯ ಮೇಲೆ ಅವನ ಪಾದ ಇದೆ ಎಂದುಕೋ, ಹಿಮ್ಮಡಿ ಹಿಡಿ, ಬೆರಳಿನ ತುದಿ ಹುಡುಕು ಎಂದೆ. ಅವಳ ಕೈಗಳು ಗಾಳಿಯಲ್ಲಿ ತಮ್ಮ ತಮ್ಮ ಜಾಗ ಕಂಡುಕೊಂಡವು. ಅವುಗಳ ನಡುವೆ ನಾನು ಒಂದು ಜೋಳದ ದಂಟು ಹಿಡಿದು ಉಗುರಿನಿಂದ ಗುರುತು ಮಾಡಿದೆ. ಆಮೇಲೆ ಅವಳನ್ನು ಎಬ್ಬಿಸಿ ನೀರು ಕುಡಿಸಿ, ಎಮ್ಮೆಯ ಹಾಲಿನ ಸುದ್ದಿ, ಕಬ್ಬೂರಿನ ಅವಳ ತಂಗಿಯ ಸುದ್ದಿ ಕೇಳಿದೆ. ಮನಸ್ಸು ಬೇರೆ ಕಡೆ ಹೋದ ಮೇಲೆ ಮತ್ತೆ ಕೂರಿಸಿ ಅಳೆದೆ. ಮತ್ತೆ ಎಬ್ಬಿಸಿದೆ, ಮತ್ತೆ ಅಳೆದೆ. ಯಾವ ಅಳತೆಯಲ್ಲೂ ಒಂದಿಷ್ಟು ದೋಷ ಇದ್ದೇ ಇರುತ್ತದೆ, ಆದ್ದರಿಂದ ಒಮ್ಮೆ ಅಳೆದದ್ದನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಗುರುತುಗಳು ಒಂದು ಜೋಳದ ಕಾಳಿನಷ್ಟೂ ಆಚೀಚೆ ಬೀಳಲಿಲ್ಲ.

ಕೊನೆಯ ಸಲ ಅವಳು ಕಣ್ಣು ತೆರೆಯಲು ತಡಮಾಡಿದಳು. ಮನೀಷಾ ಸದ್ದಿಲ್ಲದೆ ನನ್ನ ಕೈಯಿಂದ ದಂಟು ತೆಗೆದುಕೊಂಡು ಗುರುತಿಗೆ ಸರಿಯಾಗಿ ಕತ್ತರಿಸಿದಳು.

ದಂಟನ್ನು ವಿರುಪಾಕ್ಷಪ್ಪನವರ ಬಳಿ ಒಯ್ದೆವು. ಕಂಬಳಿ ಸರಿಸಿ ಅವರ ಪಾದದ ಪಕ್ಕ ಇಟ್ಟಾಗ ದಂಟು ಮೊದಲೇ ಮುಗಿಯಿತು. ಹೆಬ್ಬೆರಳಿನ ಅಗಲದಷ್ಟು ಕಡಿಮೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಇಷ್ಟ ಸಣ್ಣದಿತ್ತೇನು ಅವನ ಪಾದ? ಮತ್ತ ನನ್ನ ಚಪ್ಪಲಿ ಅವಗ ಸರಿಯಾಗತಿತ್ತಲ್ಲ?"

"ಸರಿಯಾಗತಿರಲಿಲ್ಲಂತ, ದೊಡ್ಡಪ್ಪ," ಎಂದಳು ಮನೀಷಾ. "ಮುಂದ ಅರಿವಿ ಚಿಂದಿ ತುರಕತಿದ್ದನಂತ. ನೀ ಪ್ರೀತೀಲೆ ಕೊಡತಿದ್ದಿ, ದೊಡ್ಡದಾಗತೈತಿ ಅಂದ್ರ ನಿನಗ ಕೆಡಕ ಅನಿಸೀತು ಅಂತ ಹೇಳಲಿಲ್ಲಂತ. ಅವ್ವಗ ಹೇಳಿ ನಗತಿದ್ದ."

ವಿರುಪಾಕ್ಷಪ್ಪ ಮುಖ ತಿರುಗಿಸಿ ಎಮ್ಮೆಯ ಕಡೆ ನೋಡಿದರು. "ಹೇಳಬೇಕಿತ್ತಲ್ಲೋ, ಹುಚ್ಚ," ಎಂದರು. ಅದು ನಮಗೆ ಹೇಳಿದ್ದಲ್ಲ.

ಅಯ್ಯನವರು ದಂಟನ್ನು ಕೈಯಲ್ಲಿ ಹಿಡಿದು ಎಲ್ಲ ಕೇಳಿಕೊಂಡರು. ಕೈ ಹೇಳಿದರೂ ಅದು ಪಾದದ ಅಳತೆಯೇ ಎಂದರು. ಕಾಮಣ್ಣ ಹಳೆಯ ಕುಣಿಯಿಂದ ಬಟ್ಟೆ ತೆಗೆದು, ಸ್ವಲ್ಪ ಆಚೆ ಹೊಸದು ತೋಡಿದ. ಮಾಪು ಇಟ್ಟಿಟ್ಟು ನೋಡುತ್ತ, "ಸಣ್ಣ ಪಾದದವರ ಕೆಲಸ ಹಗರ ನೋಡ್ರಿ. ಮುರಗೆಪ್ಪಣ್ಣ ಬದುಕಿದ್ದಾಗೂ ಯಾರಿಗೂ ಭಾಳ ತ್ರಾಸ ಕೊಟ್ಟಂವಲ್ಲ," ಎಂದ. ಹೆಂಗಸರು ಹೋಗದ ಜಾಗ ಅದು. ಆದರೂ ಅಳತೆಯ ಸಾಕ್ಷಿ ಎಂದು ನನ್ನನ್ನು ಬದುವಿನ ಮೇಲೆ ನಿಲ್ಲಿಸಿದ್ದರು. ಯಾರೋ ಬಂದು ಮಾತಿಲ್ಲದೆ ನನ್ನ ತಲೆಯ ಮೇಲೆ ಕೊಡೆ ಹಿಡಿದರು. ಬಟ್ಟೆಯ ಜೊತೆಗೆ ಜೋಳದ ದಂಟನ್ನೂ ಇಟ್ಟು ಮುಚ್ಚಿದರು. ಹಳೆಯ ಕುಣಿಗೆ ಮಣ್ಣು ತುಂಬಿ, ಅದರ ಮೇಲೆ ಟ್ರ್ಯಾಕ್ಟರ್ ಹೊಡೆದು ನೆಲದಲ್ಲಿ ನೆಲ ಮಾಡಿದರು. ವಿರುಪಾಕ್ಷಪ್ಪ ಕೋಲೂರಿ ಅದರ ಮೇಲೆ ಒಮ್ಮೆ ನಡೆದು ನೋಡಿದರು.

ಅಂದು ರಾತ್ರಿ ಅವರು ಒಂದು ರೊಟ್ಟಿ ತಿಂದರಂತೆ. ವಾರ ಕಳೆಯುವುದರೊಳಗೆ ಮಡಚಿದ ಕಂಬಳಿ ಹೊರಸಿನ ಕೆಳಗೆ ಹೋಯಿತು. ಹೆಜ್ಜೆಯ ಸಪ್ಪಳ ನಿಂತಿತು.

ನಾನು ಹಗುರಾದೆ ಎಂದುಕೊಂಡೆ. ಮನೀಷಾಳ ಪಾಠವೂ ಮುಂದೆ ಹೋಯಿತು. ಚಲನೆಯ ನಿಯಮಗಳಿಗೆ ಬಂದೆವು. ಜಡತ್ವದ ಪಾಠದ ದಿನ ಅವಳು ಪುಸ್ತಕ ಮುಚ್ಚಿ, "ಅಕ್ಕಾರ, ಒಂದ ಸಲ ಮನಿಗೆ ಬರ್ರಿ. ಅವ್ವ ಸಂಜಿಕೆ ತಂಬಿಗಿ ಇಡೂದು ಬಿಟ್ಟಿಲ್ಲ. ನೀರ ಹಂಗ ಇರತೈತಿ. ಮುಂಜಾನೆ ಅದನ್ನ ಗಿಡಕ್ಕ ಹಾಕತಾಳ," ಎಂದಳು.

ಹೋದೆ. ಕಸ್ತೂರೆವ್ವ ಹೊಸ್ತಿಲ ಒಳಗೆ ಕಂಬಕ್ಕೆ ಒರಗಿ ಕುಳಿತಿದ್ದಳು. ಅಂಗಳಕ್ಕೆ ಬೆನ್ನು ಮಾಡಿದ್ದರೂ ಕಿವಿ ಅತ್ತಲೇ ಇತ್ತು. ನನಗೆ ಮಣೆ ಹಾಕಿದಳು, ಗೋಡೆಯ ಕಡೆ ಹಾಕಿದಳು, ಒರಗಲು ಅನುಕೂಲವಾಗಲೆಂದು.

"ಮನೀಷಾ ನಿನ್ನಿ ಗಟ್ಟಿಯಾಗಿ ಓದಾಕತ್ತಿದ್ಲು," ಎಂದಳು. "ನಡಿಯೂ ವಸ್ತು ನಡೀತ ಇರತೈತಂತ. ಹೊರಗಿಂದ ಯಾರರ ತಡೀಬೇಕಂತ. ತಡದ್ರ ಅಷ್ಟ ನಿಂದರತೈತಂತ. ಖರೇನ್ರಿ?"

"ಖರೆ."

"ಹಂಗಾರ ಅವರನ್ನ ತಡದದ್ದ ನಾನ ಏನ್ರಿ? ಹೊಳಿ ತಡೀಲಿಲ್ಲ. ಆ ಕುಣಿ ತಡೀಲಿಲ್ಲ. ದಿನಾ ಬರತಿದ್ರು. ನಾ ಕೈ ಹಿಡದ ಅಳತಿ ಕೊಟ್ಟೆ, ನಿಂತ ಬಿಟ್ರು."

"ನೀ ನಿಮ್ಮ ಬಾವಾರನ್ನ ಉಳಿಸಿದಿ, ಕಸ್ತೂರೆವ್ವ."

"ಹೌದ್ರಿ. ಉಳಿಸಬೇಕಿತ್ತು. ಮತ್ತೊಮ್ಮೆ ಕೇಳಿದ್ರೂ ಅದನ್ನ ಮಾಡತೇನಿ." ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಒಂದರಿಂದ ಒಂದು ತುಸು ದೂರ. "ಆದ್ರ ಅಂಗಳ ಭಾಳ ಸುಮ್ಮಗಾಗೇತ್ರಿ."

ಅಂಗಳದ ಆಚೆ, ಕೊಟ್ಟಿಗೆಯ ಬಾಗಿಲಲ್ಲಿ ವಿರುಪಾಕ್ಷಪ್ಪ ಹೊರಸಿನ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಅವರ ಕೈ ನಿಂತಿದ್ದನ್ನು ನಾನು ನೋಡಿದೆ. ಹೆಂಗಸರ ಮಾತಿಗೆ ಕಿವಿಗೊಡುವ ಮನುಷ್ಯರಲ್ಲ ಅವರು. ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡಿದವರೂ ಅಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಹೊಸೆಯುವ ಕೈ ಮತ್ತೆ ಓಡಿತು.

ಮುಂದೆ ಮನೀಷಾಳ ಪರೀಕ್ಷೆ, ನನ್ನ ಮೊಣಕಾಲು, ಅಕಾಲದ ಮಳೆ. ನಾನು ಅವರ ಅಂಗಳ ಮತ್ತೆ ತುಳಿಯುವ ಹೊತ್ತಿಗೆ ಕಬ್ಬು ಎದೆಯೆತ್ತರ ಬಂದಿತ್ತು. ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಮನೀಷಾ ಒಲೆಯ ಪಕ್ಕ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ಹೊರಗೆ ಬೆಳಕು ಕಂದುತ್ತ ಬಂತು.

ಕೊಟ್ಟಿಗೆಯ ಕಡೆಯಿಂದ ಹೆಜ್ಜೆ ಕೇಳಿಸಿತು.

ನನ್ನ ಬೆನ್ನು ನೆಟ್ಟಗಾಯಿತು. ಬರಿಗಾಲು, ಫರಸಿಯ ಮೇಲೆ, ಅವಸರವಿಲ್ಲದೆ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಕಸ್ತೂರೆವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಕೈಯ ಹಿಟ್ಟು ಒರೆಸಿಕೊಂಡು, ಸೆರಗು ಎಳೆದುಕೊಂಡು, ತಂಬಿಗೆಯನ್ನು ಹೊಸ್ತಿಲ ಹೊರಗಿಟ್ಟು, ಬಾಗಿಲ ಮರೆಗೆ ಸರಿದು ನಿಂತಳು. ಹೆಜ್ಜೆ ಬಂತು, ನಿಂತಿತು. ಒಂದು ಕೆಮ್ಮು ಬರುವುದಿತ್ತು, ಅದನ್ನು ಯಾರೋ ನುಂಗಿಕೊಂಡರು. ನೀರು ಸುರಿದ ಸದ್ದಾಯಿತು. ಆಮೇಲೆ ಹೆಜ್ಜೆಗಳು ಬಂದ ದಾರಿಯಲ್ಲೇ ತಿರುಗಿ ಹೋದವು.

ನಾನು ಬಾಗಿಲಿಗೆ ಬಂದು ನೋಡಿದೆ. ಅಂಗಳದ ಆ ತುದಿಯಲ್ಲಿ ವಿರುಪಾಕ್ಷಪ್ಪನವರ ಬೆನ್ನು ಕಂಡಿತು. ಚಪ್ಪಲಿಯಿಲ್ಲದೆ ಕೊಟ್ಟಿಗೆಗೂ ಹೋಗದ ಮನುಷ್ಯ ಬರಿಗಾಲಲ್ಲಿ ನಡೆಯುತ್ತಿದ್ದರು, ಎರಡೂ ಕೈ ತುಸು ಎತ್ತಿಕೊಂಡು, ಹಸಿ ಗಚ್ಚಿನ ಮೇಲೆ ನಡೆಯುವವರ ಹಾಗೆ. ಹೊಸ್ತಿಲ ಮುಂದೆ ಒದ್ದೆ ಪಾದದ ಗುರುತುಗಳು ಆರುತ್ತಿದ್ದವು. ಗುರುತಿನಲ್ಲಿ ಹಿಮ್ಮಡಿ ಪೂರ್ತಿಯಾಗಿ ಮೂಡಿತ್ತು, ಆದರೆ ಬೆರಳುಗಳು ಒಂದರ ಮೇಲೊಂದು ಬಿದ್ದ ಹಾಗೆ ಒಳಗೆ ಸೇರಿಕೊಂಡಿದ್ದವು. ಆ ಪಾದ ವಿರುಪಾಕ್ಷಪ್ಪನವರ ಪಾದಕ್ಕಿಂತ ಹೆಬ್ಬೆರಳಿನ ಅಗಲದಷ್ಟು ಸಣ್ಣದಿತ್ತು.

"ಮೊದಮೊದಲ ಹೆಜ್ಜಿ ಭಾಳ ಉದ್ದ ಹಾಕತಿದ್ರು," ಎಂದಳು ಕಸ್ತೂರೆವ್ವ ನನ್ನ ಹಿಂದಿನಿಂದ. "ಬಾವಾರದ್ದ ಅಂತ ಕಿವಿಗೆ ಕೂಡಲೇ ಗೊತ್ತಾಗತಿತ್ತು. ಈಗ ಬೆರಳ ಮಡಚಿ ನಡೀತಾರ್ರಿ. ಕೆಲವೊಂದ ದಿವಸ ನನಗೂ ಗೊತ್ತಾಗೂದಿಲ್ಲ."

"ಹೇಳಿಲ್ಲೇನು, ನಿನಗ ಗೊತ್ತೈತಿ ಅಂತ?"

"ಹ್ಯಾಂಗ ಹೇಳಲ್ರಿ?"

ಅವಳು ಒಲೆಗೆ ತಿರುಗಿ ರೊಟ್ಟಿ ತೆಗೆದಳು. ಒಂದು ಸಣ್ಣ ಬಟ್ಟಲಿಗೆ ಕುಸುಬಿ ಎಣ್ಣೆ ಹಾಕಿ ಕೆಂಡದ ಅಂಚಿಗೆ ಇಟ್ಟಳು. ಬೆಚ್ಚಗಾದ ಮೇಲೆ ಬಟ್ಟೆಯಲ್ಲಿ ಹಿಡಿದು ಮಗಳ ಕೈಗೆ ಕೊಟ್ಟಳು.

"ದೊಡ್ಡಪ್ಪಗ ಕೊಟ್ಟ ಬಾ. ಬೆರಳ ನೋಯತಾವು, ತಿಕ್ಕೊಳ್ಳಲಿ. ಯಾಕ ಅಂತ ಕೇಳಿದ್ರ ಥಂಡಿಗೆ ಅಂತ ಹೇಳು."